ನೆರಳಿಗೆ ಪುಟ್ಟ ನೀಲಿ ಹೋಸ್ಟಾ: ಮೌಸ್ ಇಯರ್ಸೋ, ಕೆಡೆಟ್ಟೋ?

ನಾವಿರೋದು ನ್ಯೂಜೆರ್ಸಿಯಲ್ಲಿ. ಹಿತ್ತಲಿನ ಮೇಪಲ್ ಮರದಡಿ ಹುಲ್ಲೂ ನೆಟ್ಟಗೆ ಬರಲ್ಲ. ಹೋಸ್ಟಾ ಅಂದ್ರೆ ಎಲೆಯ ಚೆಂದಕ್ಕೇ ನೆರಳಲ್ಲಿ ಬೆಳೆಸೋ ಗಿಡ. ಅದರ ಪುಟ್ಟ ನೀಲಿ ತಳಿಗಳಾದ ‘ಬ್ಲೂ ಮೌಸ್ ಇಯರ್ಸ್’, ‘ಬ್ಲೂ ಕೆಡೆಟ್’ ಎರಡನ್ನೂ ಅಲ್ಲಿಗೆ ಹಾಕಿ ನೋಡಿದೆ. ಪಕ್ಕದಲ್ಲಿ ಕೊಂಚ ದೊಡ್ಡ ಜಾತಿಯ ‘ಹ್ಯಾಲ್ಸಿಯನ್’ ಕೂಡ ಇದೆ, ಇಂಗ್ಲೆಂಡಿನ ಎರಿಕ್ ಸ್ಮಿತ್ ಬೆಳೆಸಿದ ತಳಿ.

ಮೊದಲು ಬಣ್ಣ. ಎಲೆ ಅಸಲಿಗೆ ಹಸಿರೇ. ಬೂದುಗುಂಬಳದ ಮೇಲಿರೋ ಬೂದಿಯ ಹಾಗೆ ಮೇಣದ ತೆಳು ಲೇಪ ಇರುತ್ತೆ, ಅದರಿಂದ ನೀಲಿ ಕಾಣುತ್ತೆ. ಬೆರಳಲ್ಲಿ ಉಜ್ಜಿದರೆ ಹಸಿರು ಗೆರೆ ಬೀಳುತ್ತೆ, ಆ ಎಲೆ ಇರೋವರೆಗೂ ಹೋಗಲ್ಲ. ಬಿಸಿಲು, ಜಡಿಮಳೆ, ಪೈಪಿನ ನೀರು ಎಲ್ಲವೂ ಆ ಲೇಪವನ್ನು ತೆಗೆದುಬಿಡುತ್ತವೆ. ಅದಕ್ಕೇ ನೀರು ಬುಡಕ್ಕೆ ಮಾತ್ರ. ನಮ್ಮಲ್ಲಿ ಕೆಡೆಟ್ ಜುಲೈ ಹೊತ್ತಿಗೇ ಹಸಿರಾಗುತ್ತೆ, ಮೌಸ್ ಇಯರ್ಸ್ ಇನ್ನೊಂದಿಷ್ಟು ದಿನ ತಡೆಯುತ್ತೆ. ಬಣ್ಣವೊಂದೇ ಬೇಕಂದ್ರೆ ಹ್ಯಾಲ್ಸಿಯನ್ನೇ ಮೇಲು. ಆದರೆ ಅದು ಒಂದೂವರೆ ಅಡಿ ಎತ್ತರಕ್ಕೆ ಬೆಳೆಯೋ ಗಿಡ, ಪುಟ್ಟದು ಅನ್ನೋಕಾಗಲ್ಲ.

ಸ್ಲಗ್ ಅಂದ್ರೆ ಚಿಪ್ಪಿಲ್ಲದ ಬಸವನಹುಳು, ಇಲ್ಲಿ ಅದರದೇ ಕಾಟ. ಮೌಸ್ ಇಯರ್ಸ್ ಎಲೆ ಗುಂಡಗೆ, ಮುಟ್ಟಿದರೆ ರಬ್ಬರಿನಷ್ಟು ದಪ್ಪ. ಹುಳು ಅದನ್ನು ಬಿಟ್ಟು ಕೆಡೆಟ್ಟಿನ ಹೃದಯಾಕಾರದ ಎಲೆಗೆ ತೂತು ಹಾಕಿ ಹೋಗುತ್ತೆ. ಜಿಂಕೆ ಮಾತ್ರ ಯಾವುದನ್ನೂ ಬಿಡಲ್ಲ. 2008ರಲ್ಲಿ ಅಮೆರಿಕದ ಹೋಸ್ಟಾ ಬೆಳೆಗಾರರ ಸಂಘ ಮೌಸ್ ಇಯರ್ಸನ್ನು ‘ವರ್ಷದ ಹೋಸ್ಟಾ’ ಅಂತ ಆರಿಸಿತ್ತು, ಜಿಂಕೆಗೆ ಅದೆಲ್ಲ ಯಾವ ಲೆಕ್ಕ! ಬಲೆ ಕಟ್ಟಲೇಬೇಕು.

ನೆಲದಲ್ಲಿ ಗೆದ್ದಿದ್ದು ಕೆಡೆಟ್. ಮೇಪಲ್ ಬೇರು ನೀರೆಲ್ಲ ಹೀರಿಕೊಂಡರೂ ಬೇಗ ಹರಡುತ್ತೆ, ವಸಂತದಲ್ಲಿ ಬುಡ ಸೀಳಿ ಪಕ್ಕದ ಮನೆಯವರಿಗೂ ಕೊಡಬಹುದು. ಮೌಸ್ ಇಯರ್ಸ್ ಬೆಳೆಯೋದು ಎಂಟು ಇಂಚು, ಅದೂ ನಿಧಾನ. ಉದುರಿದ ಎಲೆಗಳಡಿ ಮುಚ್ಚಿಹೋಗುತ್ತೆ. ಅದಕ್ಕೆ ಕುಂಡವೇ ಸರಿ. ಮೆಟ್ಟಿಲ ಮೇಲೆ ಕಣ್ಣಿಗೆ ಹತ್ತಿರ ಇಟ್ಟರೆ ಕುಳ್ಳ ದಂಟಿನ ನೇರಳೆ ಹೂವೂ ಚೆನ್ನಾಗಿ ಕಾಣುತ್ತೆ. ಈಗ ಮತ್ತೆ ದುಡ್ಡು ಹಾಕೋದಾದರೆ ಕುಂಡಕ್ಕೆ ಮೌಸ್ ಇಯರ್ಸ್ ತರ್ತೀನಿ. ಕೆಡೆಟ್ ತಾನೇ ಹೆಚ್ಚುತ್ತಿದೆ.

ಬೆಂಗಳೂರಿನ ನಾದಿನಿ ತನಗೂ ಒಂದು ಬೇಕು ಅಂತಿದ್ದಾಳೆ. ಹೋಸ್ಟಾ ಚಳಿಗಾಲದಲ್ಲಿ ಪೂರ್ತಿ ಒಣಗಿ, ವಾರಗಟ್ಟಲೆ ಕೊರೆಯೋ ಚಳಿಯಲ್ಲಿ ಮಲಗಿದ್ದು ಏಳಬೇಕಾದ ಗಿಡ. ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಅಲ್ಲಿನ ನೆರಳಿಗೆ ಬಣ್ಣದೆಲೆಯ ಕೆಲಾಡಿಯಂ ಗಿಡ ಹಾಕು ಅಂದಿದ್ದೀನಿ.