ಅ ಆ ಇ ಈ ಮೊದಲೋ, ರ ಗ ಸ ಮೊದಲೋ?

ಒಂದನೇ ಕ್ಲಾಸಿಗೆ ಕನ್ನಡ ಶುರು ಮಾಡಿಸಲು ಯಾವ ದಾರಿ ಹಿಡಿಯೋದು? ವರ್ಣಮಾಲೆ ಕ್ರಮ ಬಾಯಿಪಾಠಕ್ಕೆ ಚೆಂದ, ಮಕ್ಕಳು ರಾಗವಾಗಿ ಹೇಳುತ್ತಾರೆ, ಆದರೆ ಸ್ವರಗಳೆಲ್ಲ ಮುಗಿದರೂ ಆ, ಈ ಥರದ್ದು ಬಿಟ್ಟರೆ ಓದಲು ಪದವೇ ಸಿಗುವುದಿಲ್ಲ. ಮೂರನೆಯದಕ್ಕೇ 'ಇ' ಬರುತ್ತದೆ. ಆ ಸುರುಳಿ ಪುಟ್ಟ ಬೆರಳಿಗೆ ಕಷ್ಟ ಅಲ್ವಾ?

ಇನ್ನೊಂದು, ಬರೆಯಲು ಸುಲಭವಾದ ರ ಗ ಸ ದ ಅ ಗುಂಪಿನಿಂದ ಶುರು ಮಾಡೋದು. ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ ಓದುತ್ತದೆ. ಗ-ರ-ಗ-ಸ ಎಂದು ಬೆರಳಿಟ್ಟು ಕೂಡಿಸಿ, ತಟ್ಟನೆ 'ಗರಗಸ!' ಎಂದು ಕೂಗುವಾಗ ಮುಖ ನೋಡಬೇಕು. ನನ್ನ ಓಟು ಇದಕ್ಕೇ. ಮುಂದೆ ವ, ಮ ಒಟ್ಟಿಗೆ ಬಂದಾಗ ಅದಲುಬದಲಾಗುತ್ತವೆ, ಸ್ವಲ್ಪ ಜಾಸ್ತಿ ತಿದ್ದಿಸಬೇಕು. ವರ್ಣಮಾಲೆ ಹೇಗಿದ್ದರೂ ನಿಘಂಟು ನೋಡುವಾಗ ಬೇಕು, ಅದನ್ನು ಆಮೇಲೆ ಕಲಿಸಬಹುದು.