ಕರುಳಿನ ನರಕ್ಕೆ ಸ್ಟೆಮ್ ಸೆಲ್: ಫೈಲ್ ತೆರೆಯದ ಕ್ಲಿನಿಕ್ಕಿನಲ್ಲಿ ಎರಡು ಗಂಟೆ

ಮೊದಲೇ ಹೇಳಿಬಿಡುತ್ತೇನೆ, ನಾವು ಆ ಸ್ಟೆಮ್ ಸೆಲ್ ಕ್ಲಿನಿಕ್ಕಿನಲ್ಲಿ ಮಗನಿಗೆ ಚಿಕಿತ್ಸೆ ಮಾಡಿಸಲಿಲ್ಲ. ಸಲಹೆ ಕೇಳೋಣ ಅಂತ ಹೋಗಿ, ಎರಡು ಗಂಟೆ ಕೂತು ವಾಪಸ್ ಬಂದೆವು. ಹೆಸರು ಹಾಕುವುದಿಲ್ಲ. ಐದಕ್ಕೆ ನಾನು ಕೊಡುವುದು ಒಂದೂವರೆ. ಒಂದು ಅಲ್ಲಿನ ನರ್ಸಿಗೆ, ಅರ್ಧ ಟಾಯ್ಲೆಟ್ಟಿಗೆ. ನಗಬೇಡಿ. ಇಂಥ ಕರುಳಿನ ಕಾಯಿಲೆ ಇರುವ ಮಗುವನ್ನು ಕರೆದುಕೊಂಡು ಎಲ್ಲಿಗೆ ಹೋದರೂ ನಾವು ಮೊದಲು ಹುಡುಕುವುದು ಅದನ್ನೇ. ಅಲ್ಲಿ ಕಾಯುವ ಕೋಣೆಯ ಪಕ್ಕದಲ್ಲೇ ಇತ್ತು, ಶುಚಿಯಾಗಿತ್ತು.

ಮಗನಿಗೆ ಈಗ ಏಳು ವರ್ಷ. ಹುಟ್ಟಿ ಮೂರು ದಿನವಾದರೂ ಕಕ್ಕ ಮಾಡಿರಲಿಲ್ಲ, ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು. ಬಯಾಪ್ಸಿ ಮಾಡಿ ಹಿರ್ಷ್‌ಸ್ಪ್ರಂಗ್ ಕಾಯಿಲೆ ಅಂದರು. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. ಮಗು ಇನ್ನೂ ಗರ್ಭದಲ್ಲಿರುವಾಗ ಅದರ ಕತ್ತಿನ ಕಡೆಯಿಂದ ಕೆಲವು ಕೋಶಗಳು ಹೊರಡುತ್ತವೆ. ಕರುಳಿನ ಉದ್ದಕ್ಕೂ ನಡೆದು, ಅಲ್ಲಲ್ಲಿ ನೆಲೆ ನಿಂತು, ಕರುಳನ್ನು ನಡೆಸುವ ನರಗಳಾಗುತ್ತವೆ. ನನ್ನ ಮಗನಲ್ಲಿ ಅವು ಕೊನೆಗೆ ನಾಲ್ಕು ಬೆರಳು ದೂರ ಇರುವಾಗ ನಿಂತುಬಿಟ್ಟವು. ನರ ಇಲ್ಲದ ಕರುಳು ಸಡಿಲ ಆಗುವುದೇ ಇಲ್ಲ. ಮೇಲಿನಿಂದ ಬಂದದ್ದೆಲ್ಲ ಅಲ್ಲೇ ಕಟ್ಟಿಕೊಳ್ಳುತ್ತದೆ.

ಆ ತುಂಡನ್ನು ತೆಗೆದು, ಮೇಲಿನ ಒಳ್ಳೆಯ ಕರುಳನ್ನು ಕೆಳಗೆಳೆದು ಹೊಲಿದರು. ಪುಲ್-ಥ್ರೂ ಅನ್ನುತ್ತಾರೆ. ಜೀವ ಉಳಿಯಿತು, ಮಲಬದ್ಧತೆ ಮಾತ್ರ ಬಿಡಲಿಲ್ಲ. ವಾರಕ್ಕೆ ಎರಡು ಸಲ ಎನಿಮಾ. ಶಾಲೆ ಬ್ಯಾಗಿನಲ್ಲಿ ಯಾವಾಗಲೂ ಇನ್ನೊಂದು ಚಡ್ಡಿ. ಮಗ ಅದಕ್ಕೆ 'ಎಕ್ಸ್‌ಟ್ರಾ ಪುಸ್ತಕ' ಅಂತ ಹೆಸರಿಟ್ಟಿದ್ದಾನೆ. ಹೀಗಿರುವಾಗ 'ಕರುಳಿನ ನರಗಳನ್ನು ಮತ್ತೆ ಬೆಳೆಸುತ್ತೇವೆ' ಅನ್ನುವ ಜಾಹೀರಾತು ಕಂಡರೆ ಯಾವ ಅಪ್ಪ ಸುಮ್ನೆ ಇರುತ್ತಾನೆ?

ಸೇವೆ ಚೆನ್ನಾಗಿಯೇ ಇತ್ತು. ಹೇಳಿದ ಸಮಯಕ್ಕೆ ಸರಿಯಾಗಿ ಕರೆದರು. ನರ್ಸ್ ಮಗನ ಹತ್ತಿರ ಕೂತು ಮೆಲ್ಲಗೆ "ಈಗ ಹೊಟ್ಟೆ ನೋಯ್ತಾ ಇದೆಯಾ?" ಅಂದರು. ಆ ದಿನ ಅವನ ಹೊಟ್ಟೆಯ ಬಗ್ಗೆ ಕೇಳಿದ್ದು ಅವರೊಬ್ಬರೇ.

ಆಮೇಲೆ ಒಂದು ಪುಸ್ತಿಕೆ ಕೈಗಿಟ್ಟರು. ನನ್ನ ಕೆಲಸ ಕರಡು ತಿದ್ದುವುದು. ಯಾವ ಕಾಗದ ಕೈಗೆ ಬಂದರೂ ಸಾಲು ಸಾಲು ಓದುವ ಚಟ. ಮೂರನೇ ಪುಟದಲ್ಲಿದ್ದದ್ದು ನಿಜವಾದ ವಿಜ್ಞಾನ. 2016ರಲ್ಲಿ ನ್ಯೂಯಾರ್ಕಿನ ಮೆಮೊರಿಯಲ್ ಸ್ಲೋನ್ ಕೆಟರಿಂಗ್ ತಂಡದವರು ಮನುಷ್ಯರ ಸ್ಟೆಮ್ ಸೆಲ್‌ಗಳನ್ನು (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಕೋಶಗಳನ್ನು) ಕರುಳಿನ ನರಗಳ ಮೂಲಕೋಶಗಳಾಗಿ, ಅಂದರೆ ಮುಂದೆ ನರವಾಗುವ ಕೋಶಗಳಾಗಿ ಬೆಳೆಸಿ, ಈ ಕಾಯಿಲೆ ಇರುವ ಇಲಿಗಳ ಕರುಳಿನ ಗೋಡೆಗೆ ಚುಚ್ಚಿದರು. ಸಾಯಬೇಕಿದ್ದ ಇಲಿಗಳು ಬದುಕಿದವು. ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾಲ್ಕನೇ ಪುಟ ತಿರುಗಿಸಿದರೆ 'ನಮ್ಮ ವಿಧಾನ': ಹೊಟ್ಟೆಯ ಕೊಬ್ಬಿನಿಂದ ಕೋಶ ತೆಗೆದು ಕೈಗೆ ಡ್ರಿಪ್ ಹಾಕುವುದು! ಎರಡು ಪುಟದಲ್ಲೂ 'ಸ್ಟೆಮ್ ಸೆಲ್' ಅನ್ನುವ ಮಾತು ಒಂದೇ. ಕೋಶ ಮಾತ್ರ ಬೇರೆ, ದಾರಿಯೂ ಬೇರೆ. ಮೂರನೇ ಪುಟದಲ್ಲಿ ಪ್ರಯೋಗಾಲಯದಲ್ಲಿ ವಾರಗಟ್ಟಲೆ ಪಳಗಿಸಿದ ನರದ ಮೂಲಕೋಶ, ನಾಲ್ಕನೇ ಪುಟದಲ್ಲಿ ಕೊಬ್ಬಿನ ಕೋಶ. ಮಧ್ಯೆ ಒಂದು ಸಾಲಿನ ವಿವರಣೆಯೂ ಇಲ್ಲ.

ಐದನೇ ಪುಟದಲ್ಲಿ ಅಲೋಫಿಸೆಲ್ ಅನ್ನುವ, ಕೊಬ್ಬಿನ ಸ್ಟೆಮ್ ಸೆಲ್‌ನಿಂದ ಮಾಡಿದ ಔಷಧಿಯ ಹೆಸರಿತ್ತು. ಕ್ರೋನ್ಸ್ ಅನ್ನುವ ಕರುಳಿನ ಉರಿಯೂತದ ಕಾಯಿಲೆಯಲ್ಲಿ ಗುದದ ಬಳಿ ಆಗುವ ಫಿಸ್ಟುಲಾಗೆ, ಅಂದರೆ ಇರಬಾರದ ತೂತಿಗೆ, ಯುರೋಪಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತ್ತು. ಫಿಸ್ಟುಲಾ ನರದ ತೊಂದರೆಯೇ ಅಲ್ಲ. ಅಷ್ಟೇ ಅಲ್ಲ, 2018ರಲ್ಲಿ ಒಪ್ಪಿಗೆ ಸಿಕ್ಕ ಆ ಔಷಧಿ ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಸೋತು, 2024ರಲ್ಲಿ ಮಾರುಕಟ್ಟೆಯಿಂದಲೇ ಹೋಯಿತು. ಆ ಭಾಗವನ್ನು ಪುಸ್ತಿಕೆ ನುಂಗಿಕೊಂಡಿತ್ತು.

ಡಾಕ್ಟರನ್ನು ಕೇಳಿದೆ, "ಕೈಗೆ ಹಾಕಿದ್ದು ಕರುಳಿನ ಕೊನೆಗೆ ಹೇಗೆ ಹೋಗುತ್ತದೆ ಸರ್?"

"ಕೋಶಗಳಿಗೆ ದಾರಿ ಗೊತ್ತಿರುತ್ತದೆ" ಅಂದರು, ನಗುತ್ತಾ.

ಎಷ್ಟು ಚೆನ್ನಾದ ಮಾತು, ಅಲ್ವಾ? ಗರ್ಭದಲ್ಲಿ ಅದು ನಿಜ ಕೂಡ. ಆದರೆ ದಾರಿ ಗೊತ್ತಿದ್ದ ಕೋಶಗಳೇ ನನ್ನ ಮಗನಲ್ಲಿ ಕೊನೆ ಮುಟ್ಟಲಿಲ್ಲ. ಇನ್ನು ಕೊಬ್ಬಿನಿಂದ ತೆಗೆದು ರಕ್ತನಾಳಕ್ಕೆ ಬಿಟ್ಟ ಕೋಶಗಳಲ್ಲಿ ಹೆಚ್ಚಿನವು ಮೊದಲ ಸುತ್ತಿನಲ್ಲೇ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಇದು ಗುಟ್ಟೇನಲ್ಲ, ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ವಿಷಯ.

ನನಗೆ ಸಿಟ್ಟು ಬಂದದ್ದು ಇದಕ್ಕೂ ಅಲ್ಲ. ನಾನು ಒಂದು ನೀಲಿ ಫೈಲ್ ತಂದಿದ್ದೆ. ಏಳು ವರ್ಷದ ಎಲ್ಲ ಕಾಗದ ಅದರಲ್ಲಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಪೆಥಾಲಜಿ ವರದಿ: ಕೆಳಗೆಳೆದು ಹೊಲಿದ ಕರುಳಿನ ತುದಿಯಲ್ಲಿ ಗ್ಯಾಂಗ್ಲಿಯಾನ್ ಕೋಶ, ಅಂದರೆ ನರಕೋಶ, ಇತ್ತೋ ಇಲ್ಲವೋ ಅನ್ನುವುದು. ಅದನ್ನು ನೋಡದೆ ಈ ಮಗುವಿಗೆ ನರ ಬೇಕೋ ಬೇಡವೋ ಅಂತ ಯಾರೂ ಹೇಳಲಾರರು. ಫೈಲನ್ನು ಮೇಜಿನ ಮೇಲೆ ಡಾಕ್ಟರ ಕಡೆಗೆ ತಳ್ಳಿದೆ. ಅವರು ತಮ್ಮ ಮೊಬೈಲನ್ನು ಅದರ ಮೇಲಿಟ್ಟು ಮಾತು ಮುಂದುವರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಮೊಬೈಲ್ ಎತ್ತಿಕೊಂಡರು, ಫೈಲ್ ಮಾತ್ರ ಹಾಗೇ ಇತ್ತು.

ಒಪ್ಪಿಗೆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಈ ವಿಧಾನ ಸಂಶೋಧನೆಯ ಹಂತದಲ್ಲಿದೆ' ಅಂತಿತ್ತು. ಸರಿ, ಸಂಶೋಧನೆ ಅಂದಮೇಲೆ ನೋಂದಣಿ ಸಂಖ್ಯೆ ಇರಬೇಕಲ್ಲ? ಕೇಳಿದೆ. "ಮೇಲ್ ಮಾಡ್ತೀವಿ" ಅಂದರು. ಆ ಮೇಲ್ ಇವತ್ತಿನವರೆಗೂ ಬಂದಿಲ್ಲ. ಸಂಶೋಧನೆ ಅವರದ್ದು, ಬಿಲ್ ಮಾತ್ರ ನಮ್ಮದು.

ಆಮೇಲೆ ನಮ್ಮ ಹಳೆಯ ಸರ್ಜನ್ ಹತ್ತಿರ ಹೋದೆವು. ಅವರು ಅದೇ ಫೈಲನ್ನು ಅರ್ಧ ಗಂಟೆ ಓದಿದರು. ಕಾಂಟ್ರಾಸ್ಟ್ (ಕರುಳು ಸ್ಪಷ್ಟವಾಗಿ ಕಾಣಿಸುವ ದ್ರವ) ಹಾಕಿ ಎಕ್ಸ್-ರೇ ತೆಗೆಸಿದರು, ಬಯಾಪ್ಸಿ ಮತ್ತೆ ಮಾಡಿದರು. ಕರುಳಿನಲ್ಲಿ ನರಕೋಶಗಳು ಇದ್ದವು! ಬಿಗಿಯಾಗಿದ್ದದ್ದು ಗುದದ ಒಳಗಿನ ಸ್ನಾಯು, ಈ ಆಪರೇಷನ್ ಆದ ಮಕ್ಕಳಲ್ಲಿ ಆಗಾಗ ಕಾಣುವ ತೊಂದರೆ. ಅದನ್ನು ಸಡಿಲಿಸಲು ಬೊಟಾಕ್ಸ್ ಚುಚ್ಚಿದರು. ಪರಿಣಾಮ ಕೆಲವು ತಿಂಗಳು ಮಾತ್ರ, ಮತ್ತೆ ಬೇಕಾಗಬಹುದು ಅಂತ ಮೊದಲೇ ಹೇಳಿದರು. ಈಗ ಎನಿಮಾ ಹತ್ತು ದಿನಕ್ಕೊಮ್ಮೆ.

ಸ್ಟೆಮ್ ಸೆಲ್ ಬಗ್ಗೆ ಅವರನ್ನೂ ಕೇಳಿದೆ. ತಳ್ಳಿಹಾಕಲಿಲ್ಲ. ಲಂಡನ್ ಮತ್ತು ಶೆಫೀಲ್ಡ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಕೆಲಸದ ಬಗ್ಗೆ ಹೇಳಿದರು. ಹಿರ್ಷ್‌ಸ್ಪ್ರಂಗ್ ಮಕ್ಕಳಿಂದ ಆಪರೇಷನ್ನಿನಲ್ಲಿ ತೆಗೆದ ಕರುಳಿನ ತುಂಡಿಗೆ ಪ್ರಯೋಗಾಲಯದಲ್ಲಿ ನರದ ಮೂಲಕೋಶ ಸೇರಿಸಿದಾಗ ಅದರ ಸ್ನಾಯು ಮೊದಲಿಗಿಂತ ಚೆನ್ನಾಗಿ ಸಂಕುಚಿಸಿತಂತೆ. "ಇದು ತುಂಡಿನಲ್ಲಿ ಆದದ್ದು, ಮಗುವಿನಲ್ಲಲ್ಲ" ಅಂದರು. ಕೋಶ ಗಡ್ಡೆಯಾಗಿ ಬೆಳೆಯದಂತೆ ನೋಡಿಕೊಳ್ಳುವ ಕೆಲಸವೂ ಇದೆಯಂತೆ.

ಕ್ಲಿನಿಕ್ಕಿನಿಂದ ಫೋನ್ ಬರುವುದು ಇನ್ನೂ ನಿಂತಿಲ್ಲ. ಹೋದ ವಾರ ಒಬ್ಬ ಹುಡುಗಿ ಮಾಡಿದ್ದಳು, ಈ ತಿಂಗಳು ಬುಕ್ ಮಾಡಿದರೆ ರಿಯಾಯಿತಿ ಇದೆಯಂತೆ. "ನಿಮ್ಮ ಡಾಕ್ಟರು ಬಯಾಪ್ಸಿ ವರದಿ ನೋಡಿದರಾ?" ಅಂದೆ.

"ಯಾವ ವರದಿ ಸರ್?" ಅಂದಳು.