ಚಿಗಾಂಗ್, ಎಣ್ಣೆ, ಗೋಡೆಗೊತ್ತುವ ಚೆಂಡು: ಹೊಲಿಗೆಯವರ ಮೈಕೈ ನೋವಿಗೆ ಯಾವುದು ಒಳ್ಳೆಯದು?

ಹೊಲಿಗೆ ಕೆಲಸದವರ ನೋವಿನ ಜಾಗಗಳು ಹೆಚ್ಚು ಕಡಿಮೆ ಎಲ್ಲರಿಗೂ ಒಂದೇ. ಕುತ್ತಿಗೆಯ ಹಿಂಬದಿ, ಎರಡು ಹೆಗಲುಗಳ ನಡುವೆ, ಕತ್ತರಿ ಹಿಡಿಯುವ ಹೆಬ್ಬೆರಳು, ಸೊಂಟ, ಪಾದ. ಮೇ ತಿಂಗಳ ಕೊನೆಗೆ ಶಾಲೆ ಯೂನಿಫಾರ್ಮ್ ರಾಶಿ ಬಿದ್ದರೆ ಎಲ್ಲವೂ ಒಟ್ಟಿಗೆ ಏಳುತ್ತವೆ. ಉಡುಪಿಯ ಕಲ್ಸಂಕದಿಂದ ಸ್ವಲ್ಪ ಮುಂದೆ ನನ್ನ ಸಣ್ಣ ಅಂಗಡಿ ಉಂಟು. ಎರಡು ಮೆಷಿನ್, ಒಂದು ಓವರ್‌ಲಾಕ್, ಒಂದು ಕಟಿಂಗ್ ಟೇಬಲ್. ನೋವು ಬಂದ ಮೇಲೆ ಮಾತ್ರೆ ನುಂಗುವ ಬದಲು ಬಾರದ ಹಾಗೆ ಏನಾದರೂ ಮಾಡಬಹುದಾ ಎಂದು ಮೂರು ದಾರಿ ಹಿಡಿದು ನೋಡಿದೆ. ಒಂದು, ಚೀನಾದ ನಿಧಾನದ ವ್ಯಾಯಾಮ ಚಿಗಾಂಗ್. ಎರಡು, ನಮ್ಮದೇ ಎಣ್ಣೆ ತಿಕ್ಕುವುದು. ಮೂರು, ಗೋಡೆಗೂ ಬೆನ್ನಿಗೂ ನಡುವೆ ಚೆಂಡು ಇಟ್ಟು ಒತ್ತುವುದು. ಮಳೆಗಾಲದಲ್ಲೂ ಮಾಡಿದ್ದೇನೆ, ಬೇಸಿಗೆಯಲ್ಲೂ ಮಾಡಿದ್ದೇನೆ. ಕರಾವಳಿಯಲ್ಲಿ ಇದು ಮುಖ್ಯ. ಯಾಕೆಂದು ಆಮೇಲೆ ಹೇಳುತ್ತೇನೆ.

ನನಗೆ ತಿಳಿದದ್ದು ಇಷ್ಟು. ತಿಕ್ಕುವಾಗ ಕೈ ನೋಯುವ ಜಾಗಕ್ಕೇ ಹೋಗುತ್ತದೆ. ಚಿಗಾಂಗ್ ಅಲುಗಾಡದೆ ಬಿಗಿದು ಕೂತ ಜಾಗವನ್ನು ಅಲುಗಾಡಿಸುತ್ತದೆ. ಎಷ್ಟೋ ಸಲ ಆ ಎರಡು ಜಾಗ ಬೇರೆ ಬೇರೆ.

ಚಿಗಾಂಗ್‌ನಲ್ಲಿ ಬಗೆಗಳು ತುಂಬ. ನಾನು ಆರಿಸಿದ್ದು ಬಾದ್ವಾನ್‌ಜಿನ್, ಎಂಟೇ ಎಂಟು ಚಲನೆಯದ್ದು. ಸಾಂಗ್ ರಾಜವಂಶದ ಕಾಲದಿಂದಲೇ (960–1279) ಬರಹಗಳಲ್ಲಿ ಇದರ ಹೆಸರು ಸಿಗುತ್ತದೆ. ಈಗ ವಿಡಿಯೋಗಳಲ್ಲಿ ಜಾಸ್ತಿ ಕಾಣುವುದು ಚೀನಾದ ಕ್ರೀಡಾ ಇಲಾಖೆ 2003ರಲ್ಲಿ ಹೊರತಂದ ಪಾಠ. ಪೂರ್ತಿ ಮಾಡಿದರೆ 12-13 ನಿಮಿಷ. ಚಾಪೆ ಬೇಡ, ಕೂರುವುದು ಬೇಡ, ಮಲಗುವುದು ಬೇಡ. ಚೂಡಿದಾರದಲ್ಲೇ, ಕಟಿಂಗ್ ಟೇಬಲ್ ಪಕ್ಕದಲ್ಲೇ ನಿಂತು ಮಾಡಬಹುದು.

ನಮ್ಮಲ್ಲೇ ಯೋಗ ಇರುವಾಗ ಚೀನಾದ್ದು ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ನನ್ನ ಗಂಡನೇ ಕೇಳಿದರು. ಯೋಗದ ಸೂಕ್ಷ್ಮ ವ್ಯಾಯಾಮ ಮಾಡುವವರು ಅದನ್ನೇ ಮುಂದುವರಿಸಲಿ, ನನ್ನ ತಕರಾರು ಇಲ್ಲ. ಬೆಳಿಗ್ಗೆ ಅಜ್ಜರಕಾಡು ಪಾರ್ಕಿನವರೆಗೆ ಹೋಗಿ ಚಾಪೆ ಹಾಸಲು ನನಗೆ ಪುರುಸೊತ್ತು ಇಲ್ಲ, ಅಷ್ಟೇ ಕಾರಣ.

ಎಂಟರಲ್ಲಿ ನನಗೆ ನಿಜವಾಗಿ ಕೆಲಸ ಮಾಡಿದ್ದು ಎರಡು. ಮೊದಲನೆಯದು ಬಿಲ್ಲು ಎಳೆಯುವ ಚಲನೆ. ಕಾಲು ಅಗಲಿಸಿ, ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲಬೇಕು. ಒಂದು ಕೈ ಬದಿಗೆ ಚಾಚಬೇಕು, ಇನ್ನೊಂದು ಕೈಯಿಂದ ಬಿಲ್ಲಿನ ಹಗ್ಗ ಎಳೆದ ಹಾಗೆ ಮೊಣಕೈಯನ್ನು ಹಿಂದಕ್ಕೆ ತರಬೇಕು. ಎಡ-ಬಲ ಸೇರಿ ಆರು ಸಲ. ಇನ್ನೊಂದು, ಹಿಂದಕ್ಕೆ ತಿರುಗಿ ನೋಡುವುದು. ಕೈಗಳನ್ನು ಕೆಳಗೆ ಬಿಟ್ಟು, ಅಂಗೈ ಹೊರಕ್ಕೆ ತಿರುಗುವಷ್ಟು ತೋಳು ತಿರುಗಿಸಿ, ಎದೆ ಬಿಚ್ಚಿ, ನಿಧಾನಕ್ಕೆ ತಲೆ ತಿರುಗಿಸಬೇಕು. ಮೆಷಿನ್ ಮುಂದೆ ಕೂತವರು ಇಡೀ ದಿನ ಮಾಡುವುದಕ್ಕೆ ಸರಿಯಾಗಿ ಇದರ ಉಲ್ಟಾ. ಹೊಲಿಯುವಾಗ ತೋಳು ಮುಂದಕ್ಕೆ, ಹೆಗಲು ಒಳಕ್ಕೆ, ಕಣ್ಣು ಸೂಜಿಯ ಮೇಲೆ. ಬೆನ್ನಿನ ಮೇಲ್ಭಾಗ ಹಲಗೆಯ ಹಾಗೆ ನಿಂತುಬಿಡುತ್ತದೆ. ಅದು ತಿರುಗದಿದ್ದರೆ ಅದರ ಕೆಲಸವನ್ನೂ ಕುತ್ತಿಗೆಯೇ ಮಾಡಬೇಕು. ಕುತ್ತಿಗೆ ನೋಯುತ್ತದೆ ಎಂದು ನಾವು ಕುತ್ತಿಗೆಯನ್ನೇ ತಿಕ್ಕುತ್ತೇವೆ. ಬೆನ್ನು ಹಾಗೇ ಉಳಿಯುತ್ತದೆ.

ಈ ಎರಡು ಚಲನೆ ದಿನಕ್ಕೆರಡು ಸಲ ಮಾಡತೊಡಗಿದ ಮೇಲೆ ಸಂಜೆಯ ಕುತ್ತಿಗೆ ನೋವು ದಿನವೂ ಬರುವುದು ನಿಂತಿತು. ಪೂರ್ತಿ ಹೋಯಿತು ಎಂದು ಹೇಳುವುದಿಲ್ಲ. ನವರಾತ್ರಿಗೆ ಬ್ಲೌಸ್ ಕೆಲಸ ಜಾಸ್ತಿ ಆದಾಗ ಬರುತ್ತದೆ. ಸ್ಕೂಟರ್ ತಿರುಗಿಸುವಾಗ ಹಿಂದೆ ನೋಡಲು ಇಡೀ ಮೈ ತಿರುಗಿಸಬೇಕಿತ್ತು, ಈಗ ತಲೆ ತಿರುಗಿಸಿದರೆ ಸಾಕು.

ಮೈಯಲ್ಲಿ ಶಕ್ತಿ ಹರಿಯುತ್ತದೆ ಎಂದು ಚಿಗಾಂಗ್ ಕಲಿಸುವವರು ಹೇಳುತ್ತಾರೆ. ನನಗೆ ಹಾಗೆ ಏನೂ ಹರಿದದ್ದು ಗೊತ್ತಾಗಲಿಲ್ಲ. ಉಸಿರು ನಿಧಾನ ಆಯಿತು, ಅದು ಗೊತ್ತಾಯಿತು. ಇದಕ್ಕಿಂತ ಸರಳ ಕಾರಣವೊಂದು ಉಂಟು. ಗಂಟಿನಲ್ಲಿ ಎಲುಬಿನ ತುದಿಗೆ ಇರುವ ಮೆತ್ತೆಗೆ, ಅಂದರೆ ಕಾರ್ಟಿಲೇಜ್‌ಗೆ, ರಕ್ತನಾಳಗಳೇ ಇಲ್ಲ. ಗಂಟಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಗಂಟು ಆಡಿದಾಗ, ಭಾರ ಬಿದ್ದು ಇಳಿದಾಗ ಆ ದ್ರವ ಒಳಗೆ ಹೊರಗೆ ಓಡಾಡುತ್ತದೆ. ಹಾಗಾಗಿ ನಿಧಾನಕ್ಕೆ ಎಲ್ಲ ಕಡೆ ಆಡಿಸುವುದು ಸುಮ್ನೆ ಅಲ್ಲ.

ತೊಂದರೆಗಳೂ ಉಂಟು. ಕಲಿಯುವಾಗ ಬೇಜಾರಾಗುತ್ತದೆ. ಕೈ ಎತ್ತುವಾಗ ಉಸಿರು ಒಳಗಾ ಹೊರಗಾ ಎಂದೇ ತಲೆ ಕೆಡುತ್ತದೆ. ಐದನೇ ಚಲನೆಯಲ್ಲಿ ಮಂಡಿ ಬಗ್ಗಿಸಿಕೊಂಡು ಮೈ ತೂಗಬೇಕು, ಮಂಡಿ ನೋವಿರುವವರು ಕಡಿಮೆ ಬಗ್ಗಿಸಿ ನಿಲ್ಲುವುದು ಒಳ್ಳೆಯದು. ಆರನೆಯದರಲ್ಲಿ ಪಾದದವರೆಗೆ ಬಾಗಬೇಕು. ಎಲುಬು ಸವೆದವರಿಗೆ, ತಲೆ ತಿರುಗುವವರಿಗೆ, ಡಿಸ್ಕ್ ತೊಂದರೆ ಇರುವವರಿಗೆ ಅದು ಬೇಡ, ಬಿಟ್ಟರೆ ನಷ್ಟ ಇಲ್ಲ. ಬ್ಲೌಸ್ ಅಳತೆ ಕೊಡಲು ಬಂದವರು ಒಮ್ಮೆ ನನ್ನ ಏಳನೇ ಚಲನೆ ನೋಡಿದರು. ಕಣ್ಣು ಬಿಟ್ಟು ಮುಷ್ಟಿ ಚಾಚುವುದು ಅದು. ಅವತ್ತು ಚೌಕಾಸಿ ಮಾಡದೆ ದುಡ್ಡು ಕೊಟ್ಟು ಹೋದರು!

ಇನ್ನು ಎಣ್ಣೆ. ಇದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ದೀಪಾವಳಿಗೆ ಎಣ್ಣೆ ಹಚ್ಚಿ ಮೀಯದವರು ಈ ಕಡೆ ಯಾರಿದ್ದಾರೆ? ತಲೆ, ಕಿವಿ, ಪಾದಕ್ಕಾದರೂ ದಿನಾ ಎಣ್ಣೆ ಹಚ್ಚಬೇಕು ಎಂದು ಆಯುರ್ವೇದದ ದಿನಚರಿಯಲ್ಲೂ ಇದೆ. ನಾನು ಎಳ್ಳೆಣ್ಣೆ ಬಳಸಿದೆ, ತೆಂಗಿನೆಣ್ಣೆಯನ್ನೂ ಬಳಸಿದೆ. ಧನ್ವಂತರಂ ತೈಲವೂ ಮನೆಯಲ್ಲಿತ್ತು. ಮಾಂಸಖಂಡ ಸಡಿಲ ಆಗುವ ಲೆಕ್ಕದಲ್ಲಿ ಮೂರಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎಣ್ಣೆ ಚರ್ಮ ದಾಟಿ ಗಂಟಿನೊಳಗೆ ಇಳಿಯುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಕೆಲಸ ಮಾಡುವುದು ಕೈ. ಎಣ್ಣೆ ಕೈ ಜಾರಲು ಬೇಕು. ತೆಂಗಿನೆಣ್ಣೆ ರೇಟು ಏರಿದ ಮೇಲೆ ಮೈಗೆ ಹಚ್ಚಲು ನನಗಂತೂ ಮನಸ್ಸು ಬರುವುದಿಲ್ಲ.

ಆದರೆ ಕೈ ಮತ್ತು ಪಾದದ ವಿಷಯ ಬಂದರೆ ಎಣ್ಣೆಯೇ ಗೆದ್ದಿತು. ಚಿಗಾಂಗ್ ಹತ್ತಿರವೂ ಬರಲಿಲ್ಲ. ದಪ್ಪ ಬಟ್ಟೆ ಕತ್ತರಿಸಿದ ದಿನ ಹೆಬ್ಬೆರಳ ಬುಡ ನೋಯುತ್ತದೆ ಅಲ್ವಾ? ಎಲ್ಲರೂ ಆ ಬುಡವನ್ನೇ ಅದುಮುತ್ತಾರೆ. ಬೆರಳು ಮಡಚುವ, ಬಿಚ್ಚುವ ಮಾಂಸಖಂಡಗಳಲ್ಲಿ ತುಂಬಾ ಇರುವುದು ಮುಂಗೈಯಲ್ಲಿ, ಮೊಣಕೈಯ ಕೆಳಗೆ. ಅಲ್ಲಿಂದ ನರದಂಥ ಗಟ್ಟಿ ಹುರಿಗಳು ಬೆರಳಿಗೆ ಬರುತ್ತವೆ. ಹಾಗಾಗಿ ನಾನು ಬೆಚ್ಚಗಿನ ಎಣ್ಣೆ ಹಚ್ಚಿ, ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಉದ್ದಕ್ಕೆ ಎಳೆಯುತ್ತೇನೆ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ದಪ್ಪ ಮಾಂಸ ಉಂಟು. ಅಲ್ಲಿ ಅದುಮಿ ಹಿಡಿದು, ಬೆರಳುಗಳನ್ನು ಬಿಚ್ಚಿ ಮಡಚುತ್ತೇನೆ. ಕೊನೆಗೆ ಅಂಗೈ. ಐದು ನಿಮಿಷ ಸಾಕು. ಮರುದಿನ ಕತ್ತರಿ ಹಗುರ ಅನಿಸುತ್ತದೆ. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ, ಸರಿಯಾಗಿ ಎಲುಬಿನ ಮೇಲೆ ಚುಚ್ಚುವ ನೋವಿದ್ದರೆ ಮಾತ್ರ ಅಲ್ಲಿ ಒತ್ತಬಾರದು. ಅದು ಹುರಿ ಊದಿಕೊಂಡದ್ದಿರಬಹುದು, ತಿಕ್ಕಿದರೆ ಜಾಸ್ತಿ ಆಗುತ್ತದೆ. ಡಾಕ್ಟರಿಗೆ ತೋರಿಸಿ.

ನನ್ನ ಅತ್ತಿಗೆ ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕೂತರೆ ಏಳುವುದು ಊಟಕ್ಕೆ ಮಾತ್ರ. ಅವರಿಗೆ ಎರಡನ್ನೂ ತೋರಿಸಿದೆ. "ನಿಂತು ಕೈ ಬೀಸುವುದಕ್ಕೆ ನನಗೆ ಎಲ್ಲಿ ಪುರುಸೊತ್ತು ಮಾರಾಯ್ತಿ? ಆ ಕೈ ಉಜ್ಜುವುದು ಕೊಡು, ರಾತ್ರಿ ಸೀರಿಯಲ್ ನೋಡ್ತಾ ಮಾಡ್ತೇನೆ" ಅಂದರು. ಮಾಡುತ್ತಲೂ ಇದ್ದಾರೆ. ಅವರ ಬೆರಳಿಗೆ ಒಳ್ಳೆಯದಾಗಿದೆ, ಹೆಗಲಿಗೆ ಆಗಲಿಲ್ಲ. ಕೂತ ಭಂಗಿ ಬದಲಾಗದೆ ಹೆಗಲು ಹೇಗೆ ಬದಲಾಗುತ್ತದೆ? ಬಿಲ್ಲು ಎಳೆಯುವುದನ್ನು ಕೂತೇ ಮಾಡಬಹುದು ಎಂದು ಈಗ ಬೆನ್ನು ಹತ್ತಿದ್ದೇನೆ.

ಎಣ್ಣೆಯ ಸುಖ ಅವತ್ತಿಗೆ, ಹೆಚ್ಚೆಂದರೆ ಮರುದಿನಕ್ಕೆ. ಒತ್ತಡ, ಬಿಸಿ, ಸ್ಪರ್ಶದಿಂದ ನೋವಿನ ಸುದ್ದಿ ಮಿದುಳಿಗೆ ಮುಟ್ಟುವುದು ಕಡಿಮೆಯಾಗುತ್ತದೆ, ನಿದ್ರೆ ಬರುತ್ತದೆ. ಸಂಧಿ ಸವೆತದ ಬಗ್ಗೆ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2019ರ ಮಾರ್ಗಸೂಚಿಯನ್ನು ನೋಡಿದೆ. ಮಂಡಿ ಮತ್ತು ಸೊಂಟದ ಕೀಲಿನ ಸವೆತಕ್ಕೆ ಚಿಗಾಂಗ್‌ನ ಹತ್ತಿರದ ಸಂಬಂಧಿ ತಾಯ್ ಚಿಯನ್ನು ಅದು ಬಲವಾಗಿ ಶಿಫಾರಸು ಮಾಡುತ್ತದೆ. ಮಸಾಜ್ ಬೇಡ ಎಂಬ ಕಡೆಗೆ ವಾಲುತ್ತದೆ, ಆದರೆ ಅಷ್ಟು ಗಟ್ಟಿಯಾಗಿ ಅಲ್ಲ. ಅದು ಸವೆತದ ಕಾಯಿಲೆಗೆ ಹೇಳಿದ್ದು, ದಣಿದ ಕೈಗೆ ಅಲ್ಲ. ನಾನು ಎಣ್ಣೆ ಬಿಡಲಿಲ್ಲ.

ಬಿಡುವಂತೆ ಮಾಡುವುದು ನಮ್ಮ ಹವೆ. ಏಪ್ರಿಲ್‌ನಲ್ಲಿ ಎಣ್ಣೆ ಹಚ್ಚಿದರೆ ಎಣ್ಣೆ ಯಾವುದು, ಬೆವರು ಯಾವುದು ಗೊತ್ತಾಗುವುದಿಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ ಬೈರಾಸು (ಟವೆಲ್) ಒಣಗುವುದಿಲ್ಲ, ಎಣ್ಣೆ ಹಿಡಿದ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತದೆ. ಎಣ್ಣೆ ಕೈಯಲ್ಲಿ ಹೊಸ ಬಟ್ಟೆ ಮುಟ್ಟುವ ಹಾಗೂ ಇಲ್ಲ. ಗಿರಾಕಿಯ ರೇಷ್ಮೆ ಬ್ಲೌಸ್ ಪೀಸಿಗೆ ಎಣ್ಣೆ ಕಲೆ ಬಿದ್ದರೆ ಯಾವ ತೈಲವೂ ಆ ನೋವಿಗೆ ಆಗುವುದಿಲ್ಲ. ಕಾವಿ ನೆಲದ ಮನೆಯವರು ಪಾದಕ್ಕೆ ಹಚ್ಚಿಕೊಂಡು ನಡೆಯಬೇಡಿ. ಜಾರಿ ಬಿದ್ದರೆ ತಡೆಯಲು ಹೊರಟ ನೋವಿಗಿಂತ ದೊಡ್ಡದು ಬರುತ್ತದೆ. ಹಾಗಾಗಿ ನನ್ನ ಎಣ್ಣೆ ಭಾನುವಾರಕ್ಕೆ, ಮತ್ತು ರಾತ್ರಿ ಮುಂಗೈಗೆ ಮಾತ್ರ.

ಚೆಂಡಿನ ಕಥೆ ಸಣ್ಣದು. ಪಕ್ಕದ ಮನೆಯ ಹುಡುಗರು ಅಂಡರ್‌ಆರ್ಮ್ ಕ್ರಿಕೆಟ್ ಆಡುವ ಟೆನಿಸ್ ಬಾಲ್ ಒಂದನ್ನು ಕೇಳಿ ತಂದೆ. ಕಾಲುಚೀಲದೊಳಗೆ ಹಾಕಿ ಹೆಗಲ ಮೇಲಿಂದ ಬಿಟ್ಟು, ಬೆನ್ನೆಲುಬು ಮತ್ತು ಹೆಗಲೆಲುಬಿನ ನಡುವಿನ ಮಾಂಸಕ್ಕೆ ಗೋಡೆಯಿಂದ ಒತ್ತುವುದು. ಬೆನ್ನೆಲುಬಿನ ಮೇಲೆ ಇಡಬಾರದು. ಕೈ ತಲುಪದ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಎಣ್ಣೆ ಇಲ್ಲ, ಖರ್ಚಿಲ್ಲ, ಮಳೆಗಾಲದ ಚಿಂತೆ ಇಲ್ಲ. ಮೆಷಿನ್ ಕೆಳಗೆ ಇಟ್ಟುಕೊಂಡು ಪಾದ ಉರುಳಿಸಬಹುದು. ಆದರೆ ಚೆಂಡು ಒಂದರಿಂದಲೇ ಬೆನ್ನು ಬಿಚ್ಚಿಕೊಳ್ಳಲಿಲ್ಲ. ಚೆಂಡು ಒತ್ತಿ, ಕೂಡಲೇ ಬಿಲ್ಲು ಎಳೆದರೆ ತೋಳು ಇನ್ನಷ್ಟು ಹಿಂದೆ ಹೋಗುತ್ತದೆ. ಎರಡನ್ನೂ ಜೋಡಿಸಿದ್ದೇ ನನಗೆ ಜಾಸ್ತಿ ಲಾಭ.

ಕರೆಂಟಿನ ಮಸಾಜ್ ಗನ್ ಒಂದನ್ನೂ ಸಾಲ ತಂದು ನೋಡಿದೆ. ತೊಡೆಗೆ ಹಿತ, ಕುತ್ತಿಗೆಗೆ ಹೆದರಿಕೆ. ವಾಪಸ್ ಕೊಟ್ಟೆ. ಚಿಗಾಂಗ್ ಜೊತೆ ಕಲಿಸುವ ಮೈ ತಟ್ಟುವ ಕ್ರಮವೂ ಉಂಟು. ಬೋಳು ಅಂಗೈಯಲ್ಲಿ ಹಗುರಕ್ಕೆ ತಟ್ಟಿದರೆ ಮೈ ಎಚ್ಚರ ಆಗುತ್ತದೆ. ಚರ್ಮ ಕಂದುವವರೆಗೆ ಹೊಡೆದು ಕಾಯಿಲೆ ಓಡಿಸುತ್ತೇವೆ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನಲ್ಲಿ ಅಂಥ ಶಿಬಿರಕ್ಕೆ ಹೋದ ಸಕ್ಕರೆ ಕಾಯಿಲೆಯವರು ಇನ್ಸುಲಿನ್ ನಿಲ್ಲಿಸಿ ಸತ್ತದ್ದುಂಟು.

ಮೂರರಲ್ಲಿ ಯಾವುದನ್ನೂ ಮಾಡಬಾರದ ಹೊತ್ತೂ ಉಂಟು. ಕೈಬೆರಳು ಜೋಮು ಹಿಡಿದು ವಸ್ತು ಜಾರುತ್ತಿದ್ದರೆ, ಬಿದ್ದ ಮೇಲೆ ಶುರುವಾದ ನೋವಾದರೆ, ಜ್ವರದ ಜೊತೆ ಗಂಟು ಕೆಂಪಾಗಿ ಬಿಸಿಯಾದರೆ ಮೊದಲು ಡಾಕ್ಟರು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಅದನ್ನು ತಿಕ್ಕಲೇಬಾರದು. ರಕ್ತ ಹೆಪ್ಪುಗಟ್ಟಿರಬಹುದು.

ಈಗ ನನ್ನ ಕ್ರಮ ಹೀಗೆ. ಅಂಗಡಿ ತೆರೆದ ಕೂಡಲೇ ಪೂರ್ತಿ ಎಂಟು ಚಲನೆ. ಮಧ್ಯಾಹ್ನ ಊಟಕ್ಕೆ ಮೊದಲು ಚೆಂಡು, ಬಿಲ್ಲು, ಹಿಂದೆ ನೋಡುವುದು. ರಾತ್ರಿ ಮುಂಗೈಗೆ ಎಣ್ಣೆ. ಕೆಲಸ ಕತ್ತಿನವರೆಗೆ ಬಂದ ದಿನ ಉಳಿಯುವುದು ಮಧ್ಯಾಹ್ನದ್ದು ಮಾತ್ರ. ಒಂದನ್ನೇ ಆರಿಸು ಎಂದರೆ ನಾನು ಅದನ್ನೇ ಆರಿಸುತ್ತೇನೆ.

ಮಂಡಿಗೆ ಮಾತ್ರ ಮೂರರಲ್ಲಿ ಯಾವುದೂ ಸಾಲಲಿಲ್ಲ. ಮಂಡಿಗೆ ತೊಡೆಯ ಬಲ ಬೇಕು. ವಾರಕ್ಕೆ ಎರಡು ದಿನವಾದರೂ ಮಾಂಸಖಂಡ ಬಲಪಡಿಸುವ ಕೆಲಸ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಎಣ್ಣೆ ಹಚ್ಚಿದರೆ ಆಗುವಂಥದ್ದಲ್ಲ. ಅದಕ್ಕೆ ನಾನು ಗಿರಾಕಿಗಳಿಗೆ ಇಟ್ಟ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈ ಊರದೆ ಎದ್ದು ಕೂರುತ್ತೇನೆ. ಏಳುವುದಕ್ಕಿಂತ ಕೂರುವುದು ನಿಧಾನ ಇರಬೇಕು. ಹತ್ತು ಸಲ ಆದ ಮೇಲೆ ತೊಡೆ ಉರಿಯದಿದ್ದರೆ ಕೂರುವುದನ್ನು ಇನ್ನೂ ನಿಧಾನ ಮಾಡಿ.